ತಣ್ಣೀರಿನ ವಿದ್ಯೆ

ಇತಿಹಾಸದ ಪುಸ್ತಕಗಳಲ್ಲಿ ರಕ್ತಕ್ಕೆ ಬರವಿಲ್ಲ. ಬನವಾಸಿಯ ಕದಂಬರಿಂದ ಹಿಡಿದು ಸೋದೆಯ ಅರಸರವರೆಗೆ ನಮ್ಮ ಶಿರಸಿ ಸೀಮೆಯನ್ನು ಆಳಿದವರೆಲ್ಲ ಒಂದಲ್ಲ ಒಂದು ಕಾಳಗ ಕಂಡವರೇ. ನೆತ್ತರ ಹೊಳೆ ಹರಿಯಿತು ಎಂದು ಒಂದು ಸಾಲು ಬರೆದು ಇತಿಹಾಸಕಾರರು ಮುಂದಿನ ಅಧ್ಯಾಯಕ್ಕೆ ಹೊರಟುಬಿಡುತ್ತಾರೆ. ಆ ಸಂಜೆ ಆ ಬಟ್ಟೆಗಳನ್ನೆಲ್ಲ ಒಗೆದವರು ಯಾರು, ಯಾವ ಹಳ್ಳದಲ್ಲಿ, ಏನು ಹಾಕಿ ಎಂದು ಯಾರೂ ಬರೆದಿಡಲಿಲ್ಲ. ಬರೆಯುವವರು ಒಗೆಯುತ್ತಿರಲಿಲ್ಲ, ಒಗೆಯುವವರಿಗೆ ಬರೆಯಲು ಬರುತ್ತಿರಲಿಲ್ಲ. ಅಷ್ಟೇ ಕಾರಣ.

ಯುದ್ಧವಾದರೂ ತಲೆಮಾರಿಗೊಮ್ಮೆ ಬರುವಂಥದ್ದು. ಹೆಂಗಸರ ಬದುಕಿನಲ್ಲಿ ರಕ್ತ ತಿಂಗಳಿಗೊಮ್ಮೆ ತಪ್ಪದೆ ಬರುತ್ತದೆ. ಅದರ ಮೇಲೆ ಹೆರಿಗೆ, ಬಾಣಂತನ, ಮಕ್ಕಳ ಮಂಡಿಯ ಗಾಯ, ಮೆಟ್ಟುಗತ್ತಿಗೆ ಸಿಕ್ಕ ಬೆರಳು, ಮಳೆಗಾಲದ ಉಂಬಳ. ಲೆಕ್ಕ ಹಾಕಿದರೆ ರಕ್ತದ ಕಲೆಯ ಮುಂದೆ ಒಬ್ಬ ದಂಡನಾಯಕನಿಗಿಂತ ಒಬ್ಬ ಗೃಹಿಣಿ ಹೆಚ್ಚು ಸಲ ನಿಂತಿರುತ್ತಾಳೆ. ಈ ಕಲೆಯನ್ನು ತೆಗೆಯುವ ವಿದ್ಯೆಗೂ ಒಂದು ಇತಿಹಾಸವಿದೆ. ನೈಲಾನ್, ಪಾಲಿಯೆಸ್ಟರ್ ಬಟ್ಟೆಗಳು ನಮ್ಮ ಮನೆಗಳ ಒಳಗೆ ಬಂದ ಹೊತ್ತಿನಲ್ಲಿ ಆ ವಿದ್ಯೆಯೆಲ್ಲ ಒಮ್ಮೆ ತಲೆಕೆಳಗಾಗಿತ್ತು. ನಾನು ಹೇಳಹೊರಟಿರುವುದು ಆ ಕಥೆಯನ್ನು.

ನನ್ನ ತವರು ಶಿರಸಿ ತಾಲೂಕಿನ ವಾನಳ್ಳಿ. ಅಡಿಕೆ ತೋಟ, ತೋಟಕ್ಕೆ ಸೊಪ್ಪು ಕೊಡುವ ಬೆಟ್ಟ, ಮಧ್ಯೆ ಮನೆಗಳು. ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೂ ಬಿಡುವ ಮಾತಿಲ್ಲ. ನಮ್ಮ ಅಜ್ಜಿಯ ಕಾಲಕ್ಕೆ ಮನೆಯಲ್ಲಿದ್ದುದು ಹತ್ತಿಯ ಸೀರೆ, ಪಂಚೆ. ದೇವರ ಕೆಲಸಕ್ಕೆ ಪಟ್ಟೆಮಡಿ. ಒಗೆಯಲು ಅಂಟುವಾಳದ ಕಾಯಿ, ಒಲೆಯ ಬೂದಿ, ಕಲ್ಲು, ಹಳ್ಳದ ನೀರು. ಸನ್‌ಲೈಟ್ ಸೋಪು 1888ರಲ್ಲೇ ಕಲ್ಕತ್ತೆಯ ಬಂದರಿಗೆ ಬಂದಿಳಿದಿತ್ತಾದರೂ ಘಟ್ಟದ ಮೇಲಿನ ತೋಟದ ಮನೆಗಳ ಬಚ್ಚಲಿಗೆ ಸೋಪು ಬರಲು ಇನ್ನೂ ಎರಡು ತಲೆಮಾರು ಬೇಕಾಯಿತು.

ಅಂಟುವಾಳವೆಂದರೆ ಬಡವರ ಸೋಪು ಎಂದು ತಾತ್ಸಾರ ಮಾಡುವ ಹಾಗಿಲ್ಲ. ಅದರ ಸಿಪ್ಪೆಯಲ್ಲಿ ಸ್ಯಾಪೋನಿನ್ ಎಂಬ ನೊರೆ ಕೊಡುವ ವಸ್ತುವಿದೆ. ರಕ್ತದ ಕೆಂಪು ಕಣಗಳ ಗೋಡೆಯನ್ನು ಒಡೆಯುವ ಗುಣ ಅದಕ್ಕುಂಟು. ಗೋಡೆ ಒಡೆದರೆ ಒಳಗಿನ ಕೆಂಪು ನೀರಿಗೆ ಬಿಡುತ್ತದೆ. ಇದನ್ನು ಅಜ್ಜಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಆದರೆ ನೆತ್ತರಾದ ಬಟ್ಟೆಗೆ ಮೊದಲು ತಣ್ಣೀರು, ಆಮೇಲೆ ಅಂಟುವಾಳದ ನೀರು, ಬೂದಿ ಕಡೆಗೆ ಎಂಬ ಕ್ರಮವನ್ನು ಆಕೆ ಎಂದೂ ತಪ್ಪಿಸುತ್ತಿರಲಿಲ್ಲ.

ದೊಡ್ಡ ಒಗೆತ ಮಾತ್ರ ಮನೆಯ ಹೆಂಗಸರದಲ್ಲ, ಮಡಿವಾಳರದು. ಬಾಣಂತಿಯ ಬಟ್ಟೆ, ಮೈನೆರೆದ ಹುಡುಗಿಯ ಬಟ್ಟೆ, ಸಾವಿನ ಮನೆಯ ಬಟ್ಟೆ ಎಲ್ಲವನ್ನೂ ಗಂಟು ಕಟ್ಟಿ ಒಯ್ಯುತ್ತಿದ್ದವಳು ಮಡಿವಾಳ್ತಿ. ಅವರ ಮನೆಯ ಉಬ್ಬೆಯೆಂದರೆ ಒಂದು ಸಣ್ಣ ಕಾರ್ಖಾನೆ. ಬಟ್ಟೆಯನ್ನು ಚೌಳು ನೀರಿನಲ್ಲಿ ಅದ್ದಿ, ದೊಡ್ಡ ಮಡಕೆಯ ಬಾಯಿಯ ಮೇಲೆ ಪೇರಿಸಿ, ಅಡಿಯಲ್ಲಿ ಬೆಂಕಿ ಮಾಡಿ ಹಬೆಯಲ್ಲಿ ಬೇಯಿಸುವುದು. ಆದರೆ ರಕ್ತದ ಬಟ್ಟೆಯನ್ನು ಆಕೆ ನೇರವಾಗಿ ಉಬ್ಬೆಗೆ ಹಾಕುತ್ತಿರಲಿಲ್ಲ. ಹಳ್ಳದ ಹರಿಯುವ ನೀರಿನಲ್ಲಿ ಕಲ್ಲು ಹೇರಿ ರಾತ್ರಿಯೆಲ್ಲ ಬಿಟ್ಟು, ಬೆಳಿಗ್ಗೆ ನೀರಿಗೆ ಕೆಂಪು ಬಿಡುವುದು ನಿಂತ ಮೇಲೇ ಮುಂದಿನ ಕೆಲಸ. 'ಅಮ್ಮಾ, ನೆತ್ತರಿಗೆ ಬಿಸಿನೀರೇ ವೈರಿ' ಎಂದು ಆಕೆ ನಮ್ಮ ಅಂಗಳದಲ್ಲಿ ನಿಂತು ಹೇಳುತ್ತಿದ್ದುದು ನನಗೆ ನೆನಪಿದೆ. ಜಗುಲಿ ಹತ್ತಿ ಹೇಳುತ್ತಿರಲಿಲ್ಲ. ಹತ್ತುವ ಹಾಗಿರಲಿಲ್ಲ.

ಇದೊಂದು ವಿಚಿತ್ರ ನೋಡಿ. ಮೈಲಿಗೆಯಾದ ಬಟ್ಟೆ ಅವಳ ಕೈಗೆ ಹೋಗಿ ಬಂದರೆ ಶುದ್ಧ. ಶುದ್ಧ ಮಾಡಿದ ಕೈ ಮಾತ್ರ ಅಂಗಳದಲ್ಲೇ ಉಳಿಯಬೇಕು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರ ಬಟ್ಟೆ ಒಗೆಯುವುದನ್ನೇ ಕಾಯಕ ಮಾಡಿಕೊಂಡ ಮಡಿವಾಳ ಮಾಚಿದೇವರನ್ನು ಕನ್ನಡ ನಾಡು ಕೈಮುಗಿದು ನೆನೆಯುತ್ತದೆ. ನಮ್ಮೂರಿನ ಮಡಿವಾಳ್ತಿಗೆ ಸಿಕ್ಕುತ್ತಿದ್ದುದು ವರ್ಷಕ್ಕಿಷ್ಟು ಭತ್ತ, ಹಬ್ಬಕ್ಕೆ ಕಾಯಿ ಬೆಲ್ಲ. ಆಕೆಯ ತಲೆಯೊಳಗಿದ್ದ ವಿದ್ಯೆಗೆ ಬೆಲೆ ಕಟ್ಟಿದವರಿರಲಿಲ್ಲ.

ಈ ಹಳೆಯ ವ್ಯವಸ್ಥೆಯ ಮೇಲೆ ಬಂದು ಬಿದ್ದದ್ದು ನೈಲಾನ್. ಅಮೆರಿಕದ ಡುಪಾಂಟ್ ಕಂಪನಿಯ ಪ್ರಯೋಗಶಾಲೆಯಲ್ಲಿ ವ್ಯಾಲೇಸ್ ಕರೋದರ್ಸ್ ಎಂಬ ರಸಾಯನ ವಿಜ್ಞಾನಿ ಅದನ್ನು ಮಾಡಿದ್ದು 1935ರಲ್ಲಿ. ಅದಕ್ಕೆ ಕೆಲವೇ ವರ್ಷ ಮುಂಚೆ ನಮ್ಮ ಸಿದ್ದಾಪುರ, ಅಂಕೋಲಾ ತಾಲೂಕುಗಳಲ್ಲಿ ಕರನಿರಾಕರಣೆಯ ಚಳವಳಿ ನಡೆದು, ವಿದೇಶಿ ಬಟ್ಟೆ ಬಿಟ್ಟು ಖಾದಿ ಉಟ್ಟ ಹೆಂಗಸರು ಗಂಡಂದಿರನ್ನು ಜೈಲಿಗೆ ಕಳಿಸಿ ಮನೆ ನಡೆಸಿದ್ದರು. ಅತ್ತ 1940ರಲ್ಲಿ ಅಮೆರಿಕದ ಅಂಗಡಿಗಳಲ್ಲಿ ನೈಲಾನ್ ಕಾಲುಚೀಲಕ್ಕೆ ನೂಕುನುಗ್ಗಲಾಯಿತು. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬಿಬ್ಬರು ಪಾಲಿಯೆಸ್ಟರ್ ನೂಲು ತೆಗೆದರು. ಟೆರಿಲೀನ್ ಎಂಬ ಹೆಸರಿನ ಆ ಬಟ್ಟೆ ನಮ್ಮವರ ಬಾಯಲ್ಲಿ ಟೆರ್ಲಿನ್ ಆಯಿತು. ಹತ್ತಿಯೊಡನೆ ಬೆರೆತು ಟೆರಿಕಾಟ್ ಆಯಿತು.

ನಮ್ಮ ಕಡೆ ನೈಲಾನ್ ಸೀರೆ, ನೈಲೆಕ್ಸ್ ಸೀರೆಗಳ ಹುಚ್ಚು ಹಿಡಿದದ್ದು 1970ರ ದಶಕದಲ್ಲಿ. ಅಡಿಕೆಯ ದುಡ್ಡು ಶಿರಸಿಯ ತೋಟಗಾರರ ಸೊಸೈಟಿಯ ಮೂಲಕ ಕೈಗೆ ಬರುವ ಪದ್ಧತಿ 1923ರಿಂದಲೇ ಇತ್ತಲ್ಲ, ವ್ಯಾಪಾರ ಮುಗಿಸಿದ ಗಂಡಸರು ಪೇಟೆಯಿಂದ ಬರುವಾಗ ಕಂಕುಳಲ್ಲಿ ಒಂದು ಪೊಟ್ಟಣ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದರೆ ಇನ್ನೊಂದು. ಅಂದದ ಮಾತು ಹಾಗಿರಲಿ, ವಾನಳ್ಳಿಯಂಥ ಊರಿನ ಹೆಂಗಸರಿಗೆ ನೈಲಾನ್ ವರವಾಗಿ ಕಂಡದ್ದು ಮಳೆಗಾಲದಲ್ಲಿ. ಹತ್ತಿಯ ಸೀರೆ ಆಷಾಢದಲ್ಲಿ ಮೂರು ದಿನಕ್ಕೂ ಒಣಗದು. ಮುಗ್ಗಲು ವಾಸನೆ, ಕಪ್ಪು ಚುಕ್ಕೆ. ನೈಲಾನ್ ಸೀರೆಯನ್ನು ರಾತ್ರಿ ಹಿಂಡಿ ಹಾಕಿದರೆ ಬೆಳಿಗ್ಗೆ ಉಡಬಹುದು. ಅಜ್ಜಿಗೆ ಮಾತ್ರ ಬೇರೆಯೇ ಚಿಂತೆ. 'ಗಿಡದಿಂದ ಬಂದಿದ್ದಲ್ಲ, ಹುಳದಿಂದ ಬಂದಿದ್ದೂ ಅಲ್ಲ. ಇದನ್ನ ಮಡಿ ಹೇಳವೋ ಮೈಲಿಗೆ ಹೇಳವೋ?' ಎಂದು ಆಕೆ ಅಪ್ಪಯ್ಯನನ್ನು ಕೇಳಿದ್ದಳು. ಶಾಸ್ತ್ರ ಹೇಳುವವರು ಯಾರೂ ಕೊನೆಯವರೆಗೂ ಉತ್ತರ ಕೊಡಲಿಲ್ಲ. ಅಷ್ಟರೊಳಗೆ ಮನೆಯ ಹೆಂಗಸರೆಲ್ಲ ಅದನ್ನು ಉಟ್ಟಾಗಿತ್ತು.

ನೈಲಾನ್ ಕಲೆ ಹಿಡಿಯುವುದಿಲ್ಲ ಎಂಬ ಮಾತು ಆಗ ಎಲ್ಲೆಡೆ ಹಬ್ಬಿತ್ತು. ಅದು ಅರ್ಧ ಸತ್ಯ. ಒಣ ಹತ್ತಿ ತನ್ನ ತೂಕದ ಶೇಕಡಾ 8ರ ಹತ್ತಿರ ತೇವವನ್ನು ಗಾಳಿಯಿಂದಲೇ ಹೀರಿ ಇಟ್ಟುಕೊಳ್ಳುತ್ತದೆ. ನೈಲಾನ್ ಸುಮಾರು ಶೇಕಡಾ 4. ಪಾಲಿಯೆಸ್ಟರ್ ಶೇಕಡಾ ಅರ್ಧವೂ ಇಲ್ಲ. ನೀರನ್ನೇ ಒಳಗೆ ಬಿಡದ ನೂಲಿನೊಳಗೆ ರಕ್ತವೂ ಇಳಿಯುವುದಿಲ್ಲ. ಹಸಿ ಇರುವಾಗ ತಣ್ಣೀರಿನ ಕೆಳಗೆ ಹಿಡಿದರೆ ಹತ್ತಿಗಿಂತ ಬೇಗ ಹೋಗುತ್ತದೆ. ಆದರೆ ನೂಲು ನೂಲಿನ ನಡುವಿನ ಸಂದಿಯಲ್ಲಿ ಅದು ಒಣಗಿತೋ, ಮೆರುಗೆಣ್ಣೆಯ ಹಾಗೆ ಅಂಟಿ ಕೂರುತ್ತದೆ. ಆಗ ನೀರು ಒಳಹೊಕ್ಕು ಸಡಿಲಿಸಬೇಕೆಂದರೆ ಈ ಬಟ್ಟೆ ನೀರನ್ನು ಕರೆಯುವುದೇ ಇಲ್ಲ. ಹತ್ತಿಗಿದ್ದ ಹಳೆಯ ಉಪಾಯಗಳೂ ಇಲ್ಲಿ ನಡೆಯವು. ಕಲ್ಲಿಗೆ ಬಡಿದರೆ ಎಳೆ ಕಿತ್ತು ಬರುತ್ತದೆ. ಉಬ್ಬೆಗೆ ಹಾಕಿದರೆ 70–80 ಡಿಗ್ರಿ ಶಾಖಕ್ಕೇ ಪಾಲಿಯೆಸ್ಟರ್ ಒಳಗಿಂದ ಸಡಿಲಾಗಿ, ತಣಿಯುವಾಗ ಬಿಗಿದು, ಸುಕ್ಕೆಲ್ಲ ಶಾಶ್ವತವಾಗಿ ನಿಲ್ಲುತ್ತದೆ.

ಬಿಸಿನೀರು ಏಕೆ ವೈರಿ ಎನ್ನುವುದೂ ಅಡುಗೆಮನೆಯವರಿಗೆ ಸುಲಭವಾಗಿ ತಿಳಿಯುವಂಥದ್ದು. ಹಾಲಿಗೆ ಹುಳಿ ಬಿದ್ದರೆ ಒಡೆಯುತ್ತದೆ, ಮತ್ತೆ ಹಾಲಾಗುವುದುಂಟೇ? ರಕ್ತದಲ್ಲಿಯೂ ಹಾಗೇ ಪ್ರೋಟೀನು ತುಂಬಿದೆ. ಅದಕ್ಕೆ 60–70 ಡಿಗ್ರಿ ಶಾಖ ತಗುಲಿದರೆ ಬೆಂದು ಗಟ್ಟಿಯಾಗುತ್ತದೆ, ಆಮೇಲೆ ನೀರಿನಲ್ಲಿ ಕರಗುವುದಿಲ್ಲ. ಅದರೊಳಗಿನ ಕಬ್ಬಿಣ ಗಾಳಿಗೆ ತುಕ್ಕು ಹಿಡಿದಂತೆ ಬದಲಾಗಿ ಕೆಂಪು ಹೋಗಿ ಕಂದಾಗುತ್ತದೆ. ಹಳೆಯ ರಕ್ತದ ಕಲೆಗೆ ಚಹದ ಬಣ್ಣ ಬರುವುದು ಹೀಗೆ.

ನಮ್ಮ ಸೀಮೆಯಲ್ಲಿ ಈ ಕಷ್ಟಕ್ಕೆ ಇನ್ನೆರಡು ಸೇರಿಕೊಂಡವು. ಒಂದು, ಮಳೆಗಾಲದಲ್ಲಿ ಬಟ್ಟೆ ಒಣಗಿಸುತ್ತಿದ್ದುದು ಬಚ್ಚಲೊಲೆಯ ಮೇಲೆ ಕಟ್ಟಿದ ಬಿದಿರಿನ ಗಳಕ್ಕೆ ಹಾಕಿ. ಅರೆಬರೆ ಹೋದ ಕಲೆ ಆ ಬೆಂಕಿಯ ಕಾವಿಗೆ ಬೆಂದು ಕಾಯಂ ಆಗುತ್ತಿತ್ತು. ಇನ್ನೊಂದು, ಅಡಿಕೆ. ಕೊನೆಕೊಯ್ಲು ಮುಗಿದ ಮೇಲೆ ರಾತ್ರಿಯಿಡೀ ಅಡಿಕೆ ಸುಲಿಯುವ ಕೆಲಸ. ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಕೂತ ಹೆಂಗಸರು ಕಥೆ, ಹಾಡು, ನಗೆ, ತೂಕಡಿಕೆ ಎಲ್ಲದರ ನಡುವೆ ಸುಲಿಯುತ್ತಲೇ ಇರುತ್ತಿದ್ದರು. ತೂಕಡಿಕೆ ಹೆಚ್ಚಾದ ಕ್ಷಣ ಬೆರಳಿಗೆ ಗಾಯ. ಕೈಯೆಲ್ಲ ಹಸಿ ಅಡಿಕೆಯ ಚೊಗರು, ಅದರ ಮೇಲೆ ನೆತ್ತರು. ಚೊಗರಿನಲ್ಲಿರುವ ಒಗರು ವಸ್ತು ಪ್ರೋಟೀನನ್ನು ಕಚ್ಚಿ ಹಿಡಿಯುತ್ತದೆ. ಹಸಿ ಚರ್ಮವನ್ನು ಹದ ಮಾಡಿ ಕೆಡದ ತೊಗಲಾಗಿಸುವುದೂ ಇದೇ ಗುಣ. ಚೊಗರೂ ನೆತ್ತರೂ ಕೂಡಿದ ಕಲೆಯೆಂದರೆ ಬಟ್ಟೆಯ ಮೇಲೆ ಪುಟ್ಟದೊಂದು ತೊಗಲು ಹೊಲಿದಂತೆಯೇ.

ನಮ್ಮ ಆಯಿಯ ಮೊದಲ ನೈಲಾನ್ ಸೀರೆಗೆ ಆದದ್ದು ಇದೇ. ತಿಳಿನೀಲಿ ಮೈ, ಬಿಳಿ ಹೂವು. ಜಾತ್ರೆಯಲ್ಲಿ ಕೊಂಡದ್ದು. ಸುಲಿಗೆಯ ರಾತ್ರಿ ಮನೆಗೆ ನೆಂಟರು ಬಂದಿದ್ದರೆಂದು ಅದನ್ನೇ ಉಟ್ಟು ಕೂತಿದ್ದಳು. ಹೆಬ್ಬೆರಳು ಸೀಳಿತು. ಗಡಿಬಿಡಿಯಲ್ಲಿ ಸೆರಗಿನಲ್ಲೇ ಒತ್ತಿ ಹಿಡಿದು, ಯಾರಿಗೂ ತಿಳಿಯದ ಹಾಗೆ ಬೆಳಗಿನವರೆಗೂ ಸುಲಿದಳು. ಬೆಳಿಗ್ಗೆ ಅತ್ತಿಗೆಯ ಮೇಲಿನ ಪ್ರೀತಿಯಿಂದ ಚಿಕ್ಕತ್ತೆ ಆ ಸೀರೆಯನ್ನು ಹಂಡೆಯ ಕುದಿನೀರಿಗೆ ಅದ್ದಿದಳು. ಅಜ್ಜಿ ಬಚ್ಚಲಿಗೆ ಓಡಿ ಬರುತ್ತ, 'ಬಿಸಿ ನೀರು ಹಾಕಡ ಕೂಸೆ, ಬೆಂದು ಹೋಗ್ತು, ಮತ್ತೆ ಬತ್ತಿಲ್ಲೆ!' ಎಂದು ಕೂಗಿದಳಂತೆ. ಅಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು. ನಾಲ್ಕಾಣೆಯಗಲದ ಕಂದು ಕಲೆ ಸೀರೆಯ ಆಯುಷ್ಯವಿರುವವರೆಗೂ ಉಳಿಯಿತು. ಆಯಿ ಅದನ್ನು ಬಿಸಾಡಲಿಲ್ಲ. ಸೆರಗನ್ನು ಮಡಚಿ ಸೊಂಟಕ್ಕೆ ಸಿಕ್ಕಿಸುವಾಗ ಕಲೆ ಒಳಗೆ ಹೋಗುವ ಹಾಗೆ ಒಂದು ಲೆಕ್ಕ ಕಂಡುಹಿಡಿದಿದ್ದಳು. ಮದುವೆ ಮುಂಜಿಗೆಲ್ಲ ಅದನ್ನೇ ಉಟ್ಟು ಓಡಾಡಿದಳು. ಆ ಸೀರೆಯ ಬಗ್ಗೆ ಊರಿನವರಿಗೆ ಗೊತ್ತಿದ್ದದ್ದು ಹೂವು ಮಾತ್ರ.

ಹೀಗೆ ಮುಚ್ಚಿಟ್ಟ ಕಲೆಗಳ ಲೆಕ್ಕ ಯಾರು ಇಟ್ಟಾರು? ಹೈಸ್ಕೂಲಿನ ಹುಡುಗಿಯರಿಗೆ ಟೆರಿಕಾಟ್ ಸಮವಸ್ತ್ರ ಬಂದಾಗ ಈ ಸಂಕಟ ಇನ್ನಷ್ಟು ಎಳೆಯರ ಹೆಗಲಿಗೆ ಏರಿತು. ಬಸ್ಸಿಳಿದು ಎರಡು ಮೈಲಿ ನಡೆಯುವ ಹುಡುಗಿ ಪುಸ್ತಕದ ಚೀಲವನ್ನು ಬೆನ್ನ ಹಿಂದೆ ಕೆಳಗೆ ಇಳಿಬಿಟ್ಟು ನಡೆಯುತ್ತಿದ್ದಾಳೆಂದರೆ ನೋಡಿದ ಪ್ರತಿ ಹೆಂಗಸಿಗೂ ಕಾರಣ ಗೊತ್ತು, ಆದರೂ ಯಾರೂ ಮಾತಾಡುವುದಿಲ್ಲ. ಆ ದಿನಗಳ ಬಟ್ಟೆಯ ತುಂಡುಗಳನ್ನು ಒಗೆದು ಕೊಟ್ಟಿಗೆಯ ಹಿಂದೆ, ಕಟ್ಟಿಗೆಯ ರಾಶಿಯ ನೆರಳಲ್ಲಿ, ಇನ್ನೊಂದು ಬಟ್ಟೆಯ ಅಡಿಯಲ್ಲಿ ಒಣಹಾಕುತ್ತಿದ್ದೆವು. ಬಿಸಿಲು ಕಾಣದ, ಸರಿಯಾಗಿ ಒಣಗದ ಬಟ್ಟೆಯಿಂದ ತುರಿ, ಸೋಂಕು. ಅದನ್ನೂ ಹೇಳುವಂತಿರಲಿಲ್ಲ. ಕಲೆ ತೆಗೆಯುವ ವಿದ್ಯೆಯನ್ನು ತಾಯಿ ಮಗಳಿಗೆ ಪಿಸುಮಾತಿನಲ್ಲೇ ದಾಟಿಸಿದ್ದರಿಂದ ಅರ್ಧ ತಲುಪಿತು, ಅರ್ಧ ದಾರಿಯಲ್ಲೇ ಹೋಯಿತು. ಹೈಸ್ಕೂಲಿನ ಹುಡುಗಿಯರಿಗೆ ಪ್ಯಾಡು ಕೊಡುವ 'ಶುಚಿ' ಯೋಜನೆ ಕರ್ನಾಟಕದಲ್ಲಿ ಬರಲು 2013ರ ಸುಮಾರಿನವರೆಗೆ ಕಾಯಬೇಕಾಯಿತು. ಪ್ಯಾಡಿನ ಮೇಲಿನ ಜಿಎಸ್‌ಟಿ ತೆರಿಗೆ ತೆಗೆದದ್ದು 2018ರ ಜುಲೈನಲ್ಲಿ.

ಇನ್ನು ಸೋಪಿನ ಪುಡಿಯ ಕಥೆ. ಸರ್ಫ್ ಭಾರತದಲ್ಲಿ ಬಂದದ್ದು 1959ರಲ್ಲಿ. ಗುಜರಾತಿನ ಕರ್ಸನ್‌ಭಾಯಿ ಪಟೇಲ್ 1969ರಲ್ಲಿ ನಿರ್ಮಾ ಶುರು ಮಾಡಿ ಸೈಕಲ್ಲಿನ ಮೇಲೆ ಮನೆಮನೆಗೆ ಒಯ್ದು ಮಾರಿದರು. ಅಲ್ಲಿಯವರೆಗೆ ಪುಡಿಯೆಂದರೆ ಪೇಟೆಯ ಶ್ರೀಮಂತರ ವಸ್ತು. ಅಗ್ಗದ ಪುಡಿ ಬಂದದ್ದೇ ತಡ, ಹಳ್ಳಿಯ ಬಚ್ಚಲಿಗೂ ನೊರೆ ಬಂತು. ನೊರೆ ಕೊಳೆ ತೆಗೆಯಿತು, ಆದರೆ ಒಣಗಿದ ರಕ್ತಕ್ಕೆ ಬರಿಯ ನೊರೆ ಸಾಲದು. ಅದಕ್ಕೆ ಬೇಕಾದದ್ದು ಕಿಣ್ವ. ನಮ್ಮ ಹೊಟ್ಟೆಯಲ್ಲಿ ಬೇಳೆಯ ಪ್ರೋಟೀನನ್ನು ಅರಗಿಸುವುದೂ ಈ ಜಾತಿಯದೇ ವಸ್ತು. ಜರ್ಮನಿಯ ಆಟೋ ರೋಮ್ 1913ರಲ್ಲೇ ಪ್ರಾಣಿಗಳ ಮೇದೋಜೀರಕ ಗ್ರಂಥಿಯ ಕಿಣ್ವವನ್ನು ಬಟ್ಟೆ ಒಗೆಯಲು ಬಳಸುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದ. ಸೋಪಿನ ಕ್ಷಾರಕ್ಕೆ ಸಾಯದ, ಸೂಕ್ಷ್ಮಜೀವಿಗಳಿಂದ ತೆಗೆದ ಕಿಣ್ವ ಯುರೋಪಿನ ಪುಡಿಗಳಲ್ಲಿ ಬಳಕೆಗೆ ಬಂದದ್ದು 1960ರ ದಶಕದಲ್ಲಿ. ಕಿಣ್ವವಿರುವ ಪುಡಿಗಳು ಈಗ ನಮ್ಮ ಕಿರಾಣಿ ಅಂಗಡಿಯಲ್ಲೂ ಸಿಗುತ್ತವೆ.

ಪುಡಿ ಬಂತು, ಬೇಗ ಒಣಗುವ ಬಟ್ಟೆ ಬಂತು, ಮಡಿವಾಳ್ತಿ ಬರುವುದು ನಿಂತಿತು. ಯಾರೂ ಅವಳನ್ನು ಬರಬೇಡ ಎನ್ನಲಿಲ್ಲ. ಗಂಟು ಸಣ್ಣದಾಗುತ್ತ ಹೋಯಿತು, ಅಷ್ಟೇ. ಒಂದು ವರ್ಷ ಭತ್ತ ಒಯ್ಯಲೂ ಬರಲಿಲ್ಲ. ಅವಳ ಮನೆಯ ಉಬ್ಬೆಯ ಒಲೆ ಬಿದ್ದುಹೋಯಿತು. ಮಕ್ಕಳು ಬೇರೆ ಕೆಲಸ ಹಿಡಿದು ಊರು ಬಿಟ್ಟರು. ಅಂಗಳದಲ್ಲಿ ನಿಲ್ಲುವ ಅವಮಾನವೂ ಅವರ ಪಾಲಿಗೆ ತಪ್ಪಿತೆಂದು ಸಮಾಧಾನಪಡಬೇಕು. ಆದರೆ ಅವಳ ಜೊತೆಗೆ ಹೋದ ವಿದ್ಯೆಗೆ ನಾವು ಬೆಲೆ ಕೊಡದೆ ಉಳಿದೆವು. ಆ ಸಾಲ ತೀರಿಸುವ ಒಂದೇ ದಾರಿಯೆಂದರೆ ಅದನ್ನು ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ ಹೇಳುವುದು. ಆದ್ದರಿಂದ ಹೇಳುತ್ತೇನೆ.

ಹಸಿ ಕಲೆಯಾದರೆ ತಡಮಾಡದೆ ನಲ್ಲಿಯ ತಣ್ಣೀರಿನ ಕೆಳಗೆ ಬಟ್ಟೆಯ ಹಿಂಬದಿಯಿಂದ ನೀರು ಬೀಳುವ ಹಾಗೆ ಹಿಡಿಯಿರಿ. ಮುಂಭಾಗದಿಂದ ಬಿಟ್ಟರೆ ರಕ್ತ ಇನ್ನಷ್ಟು ಒಳಗೆ ಹೋಗುತ್ತದೆ. ಉಜ್ಜಬೇಡಿ, ಒತ್ತಿ ಒತ್ತಿ ತೆಗೆಯಿರಿ. ಒಣಗಿದ ಕಲೆಯಾದರೆ ತಣ್ಣೀರಿಗೆ ಸ್ವಲ್ಪ ಉಪ್ಪು ಹಾಕಿ ಒಂದೆರಡು ತಾಸು ನೆನೆಯಿಡಿ. ನೀರು ಕೆಂಪಾದಂತೆ ಬದಲಿಸಿ. ಆಮೇಲೆ ಕಿಣ್ವವಿರುವ ಪುಡಿಯನ್ನು ತಣ್ಣೀರಿನಲ್ಲೋ ಉಗುರುಬೆಚ್ಚಗಿನ ನೀರಿನಲ್ಲೋ ಕರಗಿಸಿ ರಾತ್ರಿ ಬಿಡಿ. ಕಿಣ್ವಕ್ಕೆ ಹೊತ್ತು ಬೇಕು, ಆತುರ ಆಗದು. ರೇಷ್ಮೆ, ಉಣ್ಣೆಗೆ ಮಾತ್ರ ಈ ಪುಡಿ ಬೇಡ. ಅವೂ ಪ್ರೋಟೀನೇ ಆದ್ದರಿಂದ ಕಲೆಯ ಜೊತೆ ಬಟ್ಟೆಯನ್ನೂ ತಿನ್ನುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ ಔಷಧಿ ಅಂಗಡಿಯಲ್ಲಿ ಸಿಗುವ ಶೇಕಡಾ 3ರ ಹೈಡ್ರೋಜನ್ ಪೆರಾಕ್ಸೈಡ್. ಮೊದಲು ಅಂಚಿನ ಒಳಬದಿಯಲ್ಲಿ ಒಂದು ಹನಿ ಹಾಕಿ ಬಣ್ಣ ಹೋಗುವುದೇ ನೋಡಿಕೊಳ್ಳಿ. ಕಲೆಯ ಮೇಲೆ ಹಾಕಿದಾಗ ಬುರುಬುರು ನೊರೆ ಬಂದರೆ ಹೆದರಬೇಡಿ, ರಕ್ತದಲ್ಲಿರುವ ಒಂದು ಕಿಣ್ವ ಅದನ್ನು ಒಡೆದು ಆಮ್ಲಜನಕ ಬಿಡಿಸುವ ಲಕ್ಷಣ ಅದು. ಕೆಲವು ನಿಮಿಷ ಬಿಟ್ಟು ತೊಳೆಯಿರಿ. ಬ್ಲೀಚಿಂಗ್ ಪುಡಿ, ಬಿಳುಪಿನ ದ್ರಾವಣಗಳನ್ನು ನೈಲಾನಿಗೆ ತೋರಿಸಲೇಬೇಡಿ, ಬಟ್ಟೆ ಹಳದಿಯಾಗಿ ಲಡ್ಡಾಗುತ್ತದೆ. ಮತ್ತು ಕಲೆ ಪೂರ್ತಿ ಹೋಗುವವರೆಗೆ ಇಸ್ತ್ರಿ, ಬಿಸಿಗಾಳಿ, ಬಚ್ಚಲೊಲೆ ಮೂರೂ ದೂರವಿರಲಿ. ವಾಷಿಂಗ್ ಮಷಿನ್ನಿನಲ್ಲಿ ಬಿಸಿನೀರಿನ ಗುಂಡಿಯನ್ನೂ ಒತ್ತಬೇಡಿ. ಯಂತ್ರಕ್ಕೆ ಅಜ್ಜಿಯ ಕೂಗು ಕೇಳಿಸುವುದಿಲ್ಲ.

ಉಂಬಳದ ವಿಷಯ ಹೇಳದೆ ಮಲೆನಾಡಿನ ರಕ್ತದ ಕಥೆ ಮುಗಿಯುವುದಿಲ್ಲ. ಸುಶ್ರುತ ಸಂಹಿತೆಯಲ್ಲಿ ಜಿಗಣೆಗೆಂದೇ ಒಂದು ಅಧ್ಯಾಯವಿದೆ. ವಿಷವುಳ್ಳವು ಆರು, ವಿಷವಿಲ್ಲದವು ಆರು ಎಂದು ಎಣಿಕೆ. ಕಚ್ಚಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತು ಅದರಲ್ಲಿದೆ ಎಂದು 1884ರಲ್ಲಿ ಜಾನ್ ಹೇಕ್ರಾಫ್ಟ್ ತೋರಿಸಿಕೊಟ್ಟ. ಸುಣ್ಣ, ಹೊಗೆಸೊಪ್ಪು ಹಚ್ಚಿ ಉಂಬಳ ಉದುರಿಸಿದ ಮೇಲೂ ಗಂಟೆಗಟ್ಟಲೆ ನೆತ್ತರು ಸೋರುವುದು ಅದಕ್ಕೇ. ಗಂಡಸರಿಗೂ ತಮ್ಮ ಬಟ್ಟೆಯ ಮೇಲೆ ತಪ್ಪದೆ ರಕ್ತ ಕಾಣುವುದು ಇಲ್ಲಿ. ಉಂಬಳ ಕಚ್ಚಿದ ಪಂಚೆಯನ್ನು ನಮ್ಮ ಅಪ್ಪಯ್ಯ ಜಗುಲಿಯ ಮೇಲೆ ಎಲ್ಲರೆದುರು ಬಿಚ್ಚಿ ಒಗೆಯಲು ಎಸೆಯುತ್ತಿದ್ದ. ಆ ಕಲೆಗೆ ನಾಚಿಕೆಯಿರಲಿಲ್ಲ, ಅದರ ಮೇಲೆ ನಗೆಮಾತೂ ಆಡುತ್ತಿದ್ದರು. ರಕ್ತ ಒಂದೇ ಬಣ್ಣದ್ದು. ಒಂದು ಕಲೆ ಜಗುಲಿಗೆ, ಒಂದು ಕಲೆ ಕೊಟ್ಟಿಗೆಯ ಹಿಂದಕ್ಕೆ ಎಂದು ಭಾಗ ಮಾಡಿದವರು ನಾವು.

ಕಳೆದ ಮಳೆಗಾಲ ಮಗ ಗೆಳೆಯರ ಜೊತೆ ಬೆಟ್ಟ ಸುತ್ತಿ ಬಂದು, ಪಾಲಿಯೆಸ್ಟರ್ ಪ್ಯಾಂಟಿನ ತುಂಬ ಉಂಬಳದ ರಕ್ತ ತೋರಿಸಿ 'ಆಯೀ, ಇದಕ್ಕೆ ಎಂತ ಮಾಡವು?' ಎಂದ. ನಾನು ಕೈಯಿಂದ ಇಸಿದುಕೊಳ್ಳಲಿಲ್ಲ. ತಣ್ಣೀರಿನ ಬಕೆಟ್ಟು ತೋರಿಸಿದೆ. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಅವನ ತಂಗಿ, 'ಬಿಸಿ ನೀರು ಹಾಕಡ ಅಣ್ಣ' ಎಂದಳು. ಬಚ್ಚಲ ಬಾಗಿಲು ತೆರೆದೇ ಇತ್ತು.